ದುಃಖದರ್ಶನವೂ ರೇಷ್ಮೆಯ ಹುಳುವೂ

ಜರ್ಮನಿಯ ತತ್ತ್ವಜ್ಞ ಆರ್ಥರ್ ಶೋಪೆನ್‌ಹೌವರ್ 1818ರ ಕೊನೆಯಲ್ಲಿ ಹೊರತಂದ ಮಹಾಗ್ರಂಥದ ತಿರುಳಿಷ್ಟು: ಜಗತ್ತಿನ ಒಳಸತ್ತ್ವವು ಕುರುಡು ಇಚ್ಛೆ, ತೀರದ ಇಚ್ಛೆ ನೋವು, ತೀರಿದ ಇಚ್ಛೆ ಬೇಸರ. ಉಪನಿಷತ್ತುಗಳನ್ನು ಲ್ಯಾಟಿನ್ ಅನುವಾದದಲ್ಲಿ ಓದಿ ಮೆಚ್ಚಿದ ಈತನನ್ನು ನಿರಾಶಾವಾದಿಯೆಂದು ಬದಿಗಿಡುವುದು ಸುಲಭ. ಓದಿ ಅರಗಿಸಿಕೊಳ್ಳುವುದು ಕಷ್ಟ.

ಅಕ್ಕಮಹಾದೇವಿಯ ವಚನವೊಂದರಲ್ಲಿ ರೇಷ್ಮೆಯ ಹುಳು ತಾನೇ ಕಟ್ಟಿದ ಗೂಡಿನಲ್ಲಿ ಸಿಲುಕಿ ಅಳಿಯುತ್ತದೆ. ಬಯಕೆಯೇ ಬಂಧನವೆಂಬ ನಿದಾನ ಇಬ್ಬರಲ್ಲಿಯೂ ಒಂದೇ. ಆದರೆ ಶೋಪೆನ್‌ಹೌವರನ ಇಚ್ಛಾನಿರಾಕರಣೆಯು ಶೂನ್ಯದೆದುರು ನಿಲ್ಲುತ್ತದೆ. ಅಕ್ಕನ ಅಳಲು ಚೆನ್ನಮಲ್ಲಿಕಾರ್ಜುನನಿಗೆ ಇಡುವ ಮೊರೆಯಾಗುತ್ತದೆ.

ಇಂದಿನ ಓದುಗನಿಗೆ ಮತ್ತೊಂದು ತೊಡಕುಂಟು. ಶಿಡ್ಲಘಟ್ಟ, ಚಿಂತಾಮಣಿಗಳ ರೇಷ್ಮೆಸೀಮೆಯವನು ಬಲ್ಲ: ಬಿಟ್ಟರೆ ಹುಳು ಚಿಟ್ಟೆಯಾಗಿ ಗೂಡನ್ನು ಭೇದಿಸಿ ಹೊರಬರುತ್ತದೆ. ಎಳೆ ಕಡಿಯದಿರಲೆಂದು ಅದನ್ನು ಬಿಸಿಗೊಡ್ಡಿ ಕೊಲ್ಲುವವನು ಮನುಷ್ಯ. ಹಾಗಾದರೆ ಎಲ್ಲ ದುಃಖವೂ ದುಃಖಿಯ ಬಯಕೆಯಿಂದಲೇ ಹುಟ್ಟಿತೆನ್ನುವುದು ಸಲ್ಲದು.

ಉತ್ತರ ಇಬ್ಬರಲ್ಲಿಯೂ ಇದೆ. 1840ರಲ್ಲಿ ಡೆನ್ಮಾರ್ಕಿನ ವಿಜ್ಞಾನ ಪರಿಷತ್ತು ಬಹುಮಾನ ನಿರಾಕರಿಸಿದ ಪ್ರಬಂಧದಲ್ಲಿ ಶೋಪೆನ್‌ಹೌವರ್ ಮರುಕವನ್ನೇ ನೀತಿಯ ತಳಹದಿಯೆಂದು ಸಾಧಿಸಿ, ಮೂಕಪ್ರಾಣಿಗಳನ್ನೂ ಅದರ ವ್ಯಾಪ್ತಿಗೆ ತಂದನು. ಇದು ಬಸವಣ್ಣನವರ ದಯಾಧರ್ಮಕ್ಕೆ ಹೊರಗಿನ ಮಾತಲ್ಲ. ಅಕ್ಕನಾದರೋ ಹುಳುವನ್ನು ಹೋಲಿಸಿದ್ದು ತನ್ನ ಮನಸ್ಸಿಗೆ, ಪರರ ಸಂಕಟಕ್ಕಲ್ಲ. ದುಃಖದರ್ಶನವನ್ನು ಓದಬೇಕಾದ ಬಗೆಯೂ ಅದೇ: ತನ್ನ ಬಯಕೆಯ ಪರೀಕ್ಷೆಗೆ ಅದು ಒರೆಗಲ್ಲು, ನೆರೆಯವನ ನೋವಿನ ಮುಂದೆ ಬೇಕಾದುದು ಮರುಕ.