ರೆಪ್ಪೆ ಎಳೆದು ನೋಡಿದ ಮೇಲೆ

ನಮ್ಮ ಓಪಿಡಿಗಳಲ್ಲಿ ರಕ್ತಹೀನತೆಯನ್ನು ಕಂಡುಹಿಡಿಯುವ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ನನ್ನ ತಕರಾರು ಏನಿದ್ದರೂ ಕಂಡುಹಿಡಿದ ಮೇಲಿನ ಎರಡು ನಿಮಿಷದ್ದು.

ಹೋದ ವರ್ಷ ಐವತ್ತೆಂಟರ ಚಿಕ್ಕಪ್ಪನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಸುಸ್ತು. ಡಾಕ್ಟರು ಕೆಳರೆಪ್ಪೆ ಎಳೆದು ನೋಡಿ ರಕ್ತಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 8.4, ಗಂಡಸರಿಗೆ 13 ಇರಬೇಕು. ‘ರಕ್ತ ಕಡಿಮೆ ಇದೆ, ಸೊಪ್ಪು, ಬೀಟ್‌ರೂಟ್ ಜಾಸ್ತಿ ತಿನ್ನಿ’ ಎಂದು ಒಂದು ತಿಂಗಳ ಕಬ್ಬಿಣದ ಮಾತ್ರೆ ಬರೆದು ಮುಂದಿನ ಚೀಟಿಗೆ ಕೈಚಾಚಿದರು. (ಬೀಟ್‌ರೂಟಿನಲ್ಲಿ ಬಣ್ಣ ಇರುವಷ್ಟು ಕಬ್ಬಿಣ ಇಲ್ಲ. ಆದರೂ ಈ ಸಲಹೆಗೆ ಸಾವಿಲ್ಲ.) ಬಾಗಿಲಾಚೆಯ ಸಾಲು ನೋಡಿದರೆ ಆ ಡಾಕ್ಟರ ಮೇಲೆ ಸಿಟ್ಟೂ ಬರುವುದಿಲ್ಲ.

ಅದೇ ರಿಪೋರ್ಟಿನಲ್ಲಿ ಇನ್ನೂ ಕೆಳಗೆ ಎಂಸಿವಿ 66 ಎಂದಿತ್ತು. ಕೆಂಪು ರಕ್ತಕಣದ ಸರಾಸರಿ ಗಾತ್ರ ಅದು. 80ರ ಕೆಳಗಿದ್ದರೆ ಮೊದಲ ಅನುಮಾನ ಕಬ್ಬಿಣದ ಕೊರತೆಯ ಮೇಲೆ, ಆಮೇಲೆ ಥಲಸೇಮಿಯಾದ ಮೇಲೆ. 100 ದಾಟಿದರೆ ಬಿ12, ಫೋಲಿಕ್ ಆಸಿಡ್ ನೋಡಬೇಕು. ನಡುವೆ ಇದ್ದರೆ ಮೂತ್ರಪಿಂಡವನ್ನೂ ವಿಚಾರಿಸಿಕೊಳ್ಳಬೇಕು. ಬೇರೆ ಖರ್ಚಿಲ್ಲದೆ ಸಿಗುವ ಈ ಸುಳಿವನ್ನು ಓದಲು ಅರ್ಧ ನಿಮಿಷ ಸಾಕು. ಓದಿದ್ದರೂ ಬಹುಶಃ ಅದೇ ಮಾತ್ರೆ ಬರೆಯುತ್ತಿದ್ದರು, ಒಪ್ಪುತ್ತೇನೆ. ಆದರೆ ಕಬ್ಬಿಣ ಹೋಯಿತೆಲ್ಲಿಗೆ? ಮುಟ್ಟಾಗುವ ಹೆಂಗಸಾದರೆ ಒಂದು ಊಹೆಯಾದರೂ ಇರುತ್ತದೆ. ಈ ವಯಸ್ಸಿನ ಗಂಡಸಿನಲ್ಲಿ ಮೊದಲು ಶಂಕಿಸಬೇಕಾದ್ದು ಹೊಟ್ಟೆ, ಕರುಳಿನ ರಕ್ತಸ್ರಾವವನ್ನು: ಹುಣ್ಣೋ, ಮೂಲವ್ಯಾಧಿಯೋ, ಕೆಲವೊಮ್ಮೆ ಕ್ಯಾನ್ಸರೋ.

ಪ್ರಶ್ನೆ ಕೇಳದ ಈ ರೂಢಿಗೆ ಸರ್ಕಾರಿ ಯೋಜನೆಗಳ ಪಾಲೂ ಇದೆ ಎಂಬುದು ನನ್ನ ಗುಮಾನಿ. 1970ರಿಂದಲೂ ರಕ್ತಹೀನತೆ ಎಂದರೆ ನಮಗೆ ತಾಯಿ, ಮಗುವಿನ ಸಮಸ್ಯೆ. 2018ರಲ್ಲಿ ಬಂದ ‘ಅನೀಮಿಯಾ ಮುಕ್ತ ಭಾರತ’ ಆರು ಗುಂಪುಗಳನ್ನು ಹೆಸರಿಸಿತು. ಅದರಲ್ಲಿ ವಯಸ್ಕ ಗಂಡಸಿಲ್ಲ, ಮುಟ್ಟು ನಿಂತ ಅಜ್ಜಿಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 25 ಮಂದಿಗೆ ರಕ್ತಹೀನತೆ ಎಂದಿತು. ಹೆಂಗಸರ ಪಾಲು ದೊಡ್ಡದು, ಗಮನ ಅತ್ತ ಹೋದದ್ದು ಸರಿಯೇ. ಆದರೆ ಚಿಕ್ಕಪ್ಪನ ವಯಸ್ಸಿನವರ ಹಿಮೋಗ್ಲೋಬಿನ್ ಅನ್ನು ಆ ಸಮೀಕ್ಷೆ ಅಳೆಯಲೇ ಇಲ್ಲ. ಹೀಗೆ ಲೆಕ್ಕಕ್ಕೆ ಸಿಗದವರು ಸಿಗುವುದು ಓಪಿಡಿಯ ಬೆಂಚಿನ ಮೇಲೆ ಮಾತ್ರ.

ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಯಿತು. ಕಬ್ಬಿಣಕ್ಕೆ ಹಾಗಾಗುತ್ತದೆ ಎಂದರು ಡಾಕ್ಟರು, ನಿಜವೂ ಹೌದು. ಅದಕ್ಕೂ ಮೊದಲೇ ಆಗಾಗ ಕಪ್ಪಗೆ ಹೋಗುತ್ತಿತ್ತೆಂದು ಚಿಕ್ಕಪ್ಪ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊಟ್ಟೆಯ ರಕ್ತಸ್ರಾವ ತೋರುವ ಗುರುತೂ ಅದೇ. ಚಿಕಿತ್ಸೆಯೇ ಸುಳಿವಿನ ಮೇಲೆ ಬಣ್ಣ ಬಳಿದಂತಾಯಿತು.

ಎರಡು ತಿಂಗಳಾದರೂ ಸುಸ್ತು ಇಳಿಯದೆ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಹುಡುಗಿ ಡಾಕ್ಟರು ರಿಪೋರ್ಟು ಬಿಚ್ಚುವ ಮೊದಲೇ, ‘ಯಜಮಾನ್ರೇ, ನೋವಿನ ಮಾತ್ರೆ ಏನಾದ್ರೂ ತಗೋತಿದೀರಾ?’ ಎಂದರು. ಚಿಕ್ಕಪ್ಪ ಅಂಗಿ ಜೇಬಿನಿಂದ ಅರ್ಧ ಖಾಲಿಯಾದ ಹಾಳೆಯೊಂದನ್ನು ತೆಗೆದರು. ಮಂಡಿನೋವಿಗೆಂದು ಎಂಟು ತಿಂಗಳಿಂದ ಮೆಡಿಕಲ್ ಶಾಪಿನವನೇ ಕೊಡುತ್ತಿದ್ದದ್ದು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ಮೊದಲ ಓಪಿಡಿಯ ಬೆಂಚಿನ ಮೇಲೆ ಕೂತಾಗಲೂ ಅಂಥದೇ ಒಂದು ಹಾಳೆ ಅದೇ ಜೇಬಿನಲ್ಲಿತ್ತು.