ಗಾಜಿನ ಪಾಲು

ಜೇಮ್ಸ್ ಸಿಕ್ಸನ ಉಷ್ಣಮಾಪಕವನ್ನು ಕುರಿತು ಈ ವಾರ ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನಾದರೂ, ಉಷ್ಣಮಾಪಕದಲ್ಲಿ ತುಂಬುವ ದ್ರವದ ವಿಚಾರದಲ್ಲಿ ಮದ್ಯಸಾರದ ಪಕ್ಷ ಹಿಡಿದುದಕ್ಕಾಗಿ ಪಾದರಸವಾದಿ ಮಿತ್ರರು ನನ್ನನ್ನು ಮತ್ತೆ ಹಳಿದಿರುವುದರಿಂದ, ಆ ಹಳೆಯ ಬಾಕಿಯನ್ನು ತೀರಿಸಿ ಮುಂದುವರಿಯುವುದೇ ಲೇಸೆಂದು ತೋರುತ್ತದೆ.

ಅವರ ವಾದ ಒಂದೇ: ತಾಪವೇರಿದಂತೆ ಸಮಪ್ರಮಾಣದಲ್ಲಿ ಹಿಗ್ಗುವ ಸಾಧು ಪಾದರಸ, ಹದವರಿಯದ ಉಡಾಳ ಮದ್ಯಸಾರ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಪಾದರಸವು ತನ್ನ ಗಾತ್ರದ ಲಕ್ಷದಲ್ಲಿ 18 ಪಾಲು ಹಿಗ್ಗಿದರೆ ಮದ್ಯಸಾರ ಸುಮಾರು 110 ಪಾಲು ಹಿಗ್ಗುವುದು ದಿಟ. ತಾಪದೊಡನೆ ಆ ಹಿಗ್ಗು ಬೆಳೆಯುತ್ತ ಹೋಗುವುದೂ ದಿಟ. ಆದರೆ ಪಾದರಸದ ಸಾಧುತ್ವ ಯಾರ ದುಡಿಮೆ?

ಬಣ್ಣದ ನೀರನ್ನು ಕಂಠಪೂರ್ತಿ ತುಂಬಿದ ಗಾಜಿನ ಕುಪ್ಪಿಗೆ ಬಿರಡೆಯನ್ನೂ, ಬಿರಡೆಯ ರಂಧ್ರಕ್ಕೆ ಸಪೂರವಾದ ಕೊಳವೆಯನ್ನೂ ತೊಡಿಸಿ, ಸುಡುನೀರಿನ ಬೋಗುಣಿಯಲ್ಲಿ ಥಟ್ಟನೆ ಇಳಿಸಿ ನೋಡಿರಿ. ಕೊಳವೆಯ ನೀರು ಬೆಚ್ಚಿಬಿದ್ದಂತೆ ಮೊದಲು ತುಸು ಕೆಳಕ್ಕೆ ಜಾರಿ, ಕ್ಷಣಕಾಲ ತಡೆದು, ಅನಂತರವೇ ಏರತೊಡಗುತ್ತದೆ. ಕಾವು ಮೊದಲು ತಟ್ಟುವುದು ಗಾಜಿಗೆ. ಒಳಗಿನ ನೀರಿಗೆ ಸುದ್ದಿ ಮುಟ್ಟುವ ಮುನ್ನವೇ ಕುಪ್ಪಿಯ ಹೊಟ್ಟೆ ಹಿಗ್ಗಿರುತ್ತದೆ. ಆದುದರಿಂದ ನಾವು ಕಣ್ಣಾರೆ ಕಾಣುವ ಏರಿಕೆಯು ದ್ರವದ ವ್ಯಾಕೋಚನದಲ್ಲಿ ಗಾಜಿನ ವ್ಯಾಕೋಚನವನ್ನು ಕಳೆದುಳಿದ ಶೇಷ ಮಾತ್ರ.

ಈ ಗಾಜಿನ ಪಾಲನ್ನು ದೂರವಿಡಲೆಂದೇ ಫ್ರಾನ್ಸಿನ ಡ್ಯುಲಾಂಗ್ ಮತ್ತು ಪೆಟಿ 1818ರ ಸುಮಾರಿಗೆ, ಬಾಗಿದ ಕೊಳವೆಯೊಂದರಲ್ಲಿ ಪಾದರಸವನ್ನು ತುಂಬಿ, ಅದರ ಒಂದು ತೋಳನ್ನು ಮಂಜುಗಡ್ಡೆಯಲ್ಲಿಯೂ ಇನ್ನೊಂದನ್ನು ಕಾದ ಎಣ್ಣೆಯಲ್ಲಿಯೂ ಇರಿಸಿ, ಎರಡು ಕಂಬಗಳ ಎತ್ತರವನ್ನು ಹೋಲಿಸಿದರು; ಸಮತೂಗುವ ಕಂಬಗಳ ಎತ್ತರಕ್ಕೆ ಕೊಳವೆಯ ಅಗಲದ ಹಂಗಿಲ್ಲವಷ್ಟೆ. 100 ಡಿಗ್ರಿಯವರೆಗೆ ಸರಾಸರಿ ಡಿಗ್ರಿಗೆ 5550ರಲ್ಲಿ ಒಂದು ಪಾಲು ಹಿಗ್ಗಿದ ಪಾದರಸವು, 300ರವರೆಗಿನ ಲೆಕ್ಕದಲ್ಲಿ 5300ರಲ್ಲಿ ಒಂದು ಪಾಲು ಹಿಗ್ಗಿತು! ಸಾಧುವಿನ ಹೆಜ್ಜೆಯೂ ಸಮವಲ್ಲವೆಂದಾಯಿತು. ತಾಪದೊಡನೆ ಗಾಜಿನ ಹಿಗ್ಗೂ ಬೆಳೆಯುವುದರಿಂದ, ಕುಲೀನ ಮನೆತನದ ಹಿರಿಯಳಂತೆ ಅದು ಪಾದರಸದ ವಕ್ರವನ್ನು ಬಹುಮಟ್ಟಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದೆ.

ಇನ್ನು ಸಿಕ್ಸನ ಮಾತು. 1782ರಲ್ಲಿ ಅವನು ವಿವರಿಸಿದ, ದಿನದ ಗರಿಷ್ಠ ಕನಿಷ್ಠ ತಾಪಗಳೆರಡನ್ನೂ ಗುರುತಿಟ್ಟುಕೊಳ್ಳುವ ಉಪಕರಣದಲ್ಲಿ ಈ ಎರಡೂ ಪಂಗಡಗಳು ಒಂದೇ ಕೊಳವೆಯಲ್ಲಿ ಸಂಸಾರ ಹೂಡಿವೆ. ಅಲ್ಲಿ ಹಿಗ್ಗಿ ಕುಗ್ಗಿ ತಾಪವನ್ನು ಅರಿಯುವ ಯಜಮಾನಿಕೆ ಮದ್ಯಸಾರದ್ದು. ಅದು ನೂಕಿದತ್ತ ಸರಿದು ಉಕ್ಕಿನ ಸೂಚಿಯನ್ನು ಮುಂದೊತ್ತುವ ಊಳಿಗ ಪಾದರಸದ್ದು. ಮಿತ್ರರು ಮುಂದಿನ ಪತ್ರ ಬರೆಯುವ ಮುನ್ನ ತಮ್ಮ ತೋಟದ ಗೋಡೆಯಲ್ಲಿರುವ ಆ ಕೊಳವೆಯನ್ನು ಒಮ್ಮೆ ನೋಡಿ ಬರಲಿ.