ಕೋಡಿ ಬಿದ್ದ ವರ್ಷದ ಬಡತನ

ಚಿತ್ರದುರ್ಗ ಸೀಮೆಯಲ್ಲಿ ಬಡತನದ ಕತೆ ಮಳೆಯಿಂದ ಶುರುವಾಗುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲಿಯೇ ಕೇಳಿ, ಮಳೆ ಹೋಯಿತು, ಬೆಳೆ ಹೋಯಿತು, ಸಾಲ ಬಂತು ಎನ್ನುತ್ತಾರೆ. ನಮ್ಮ ಬಹುಪಾಲು ಕತೆ, ಕಾದಂಬರಿಗಳೂ ಇದೇ ಜಾಡಿನವು. ಮಹಾ ಆರ್ಥಿಕ ಕುಸಿತದ ಕಾಲ ಮಾತ್ರ ಈ ಜಾಡಿಗೆ ಸಿಕ್ಕುವುದಿಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅಷ್ಟು ನೀರು ಕಂಡ ಆ 1933ರ ಹೊತ್ತಿಗೆ ದೇಶದಲ್ಲಿ ಬೆಳೆಯ ಬೆಲೆ 1929ರಲ್ಲಿ ಇದ್ದುದರ ಸುಮಾರು ಅರ್ಧಕ್ಕೆ ಇಳಿದಿತ್ತು.

ಬೆಲೆ ಬಿದ್ದರೆ ಕೊಳ್ಳುವವನಿಗೆ ಲಾಭವಲ್ಲವೇ ಎಂದು ಕೇಳಬಹುದು. ಅದೇ ವರ್ಷ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಇದಕ್ಕೆ ಉತ್ತರ ಬರೆದ. ಬೆಲೆ ಇಳಿಯುತ್ತದೆ, ಸಾಲ ಇಳಿಯುವುದಿಲ್ಲ. ಶೇಂಗಾ ಚೀಲಕ್ಕೆ ಹತ್ತು ರೂಪಾಯಿ ಇದ್ದಾಗ ತಂದ ನೂರು ರೂಪಾಯಿಯ ಸಾಲಕ್ಕೆ ಹತ್ತು ಚೀಲ ಸಾಕು ಎಂದುಕೊಳ್ಳೋಣ. ಬೆಲೆ ಐದಕ್ಕೆ ಬಂದರೆ ಇಪ್ಪತ್ತು ಚೀಲ ಬೇಕು. ಸಾಲ ತೀರಿಸಲು ಎಲ್ಲರೂ ಒಟ್ಟಿಗೇ ಮಾರಲು ಹೊರಟರೆ ಬೆಲೆ ಇನ್ನೂ ಇಳಿಯುತ್ತದೆ. ತೀರಿಸಿದಷ್ಟೂ ಸಾಲ ಭಾರವಾಗುತ್ತದೆ.

ನಮ್ಮ ಸಭೆಗಳಲ್ಲಿ ಇಂಥ ಕುಸಿತಕ್ಕೆಲ್ಲ ಬಡ್ಡಿಯೇ ಕಾರಣವೆಂಬ ಭಾಷಣ ಆಗಾಗ ಕೇಳಿಬರುತ್ತದೆ. ಬಡ್ಡಿ ಹರಾಮ್ ಎಂಬುದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಲೆಕ್ಕದಲ್ಲಿ. ಮೇಲಿನ ನೂರು ರೂಪಾಯಿಗೆ ನಾನು ಒಂದು ಪೈಸೆ ಬಡ್ಡಿಯನ್ನೂ ಸೇರಿಸಿಲ್ಲ, ಆದರೂ ರೈತನ ಹೊರೆ ಎರಡು ಪಟ್ಟಾಯಿತು. ಕಂದಾಯವೂ ಹಾಗೆಯೇ. ಅದು ಬಡ್ಡಿಯಲ್ಲ, ಆದರೆ ಎಕರೆಗೆ ಇಷ್ಟೆಂದು ಎಷ್ಟೋ ವರ್ಷ ಮುಂಚೆ ಗೊತ್ತುಮಾಡಿದ ನಗದು. ಸಾಹುಕಾರನೊಬ್ಬನನ್ನೇ ಖಳನಾಯಕ ಮಾಡಿದರೆ ಕತೆಗೆ ಅನುಕೂಲ, ಸತ್ಯಕ್ಕೆ ಅಲ್ಲ.

ಹಾಗಾದರೆ ಬೆಲೆ ಬಿದ್ದದ್ದೇಕೆ? ಅಮೆರಿಕದಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿ ಜನರ ಕೈಯಲ್ಲಿದ್ದ ಹಣ ಮೂರರಲ್ಲಿ ಒಂದು ಪಾಲು ಕರಗಿತು. ಅಲ್ಲಿಯ ಕೇಂದ್ರ ಬ್ಯಾಂಕು ಕೈಕಟ್ಟಿ ಕೂತದ್ದೇ ಕಾರಣವೆಂದು ಫ್ರೀಡ್‌ಮನ್ ಮತ್ತು ಶ್ವಾರ್ಟ್ಸ್ 1963ರಲ್ಲಿ ವಾದಿಸಿದರು. ಒಬ್ಬನ ಖರ್ಚೇ ಇನ್ನೊಬ್ಬನ ಆದಾಯ, ಎಲ್ಲರೂ ಕೈ ಬಿಗಿಹಿಡಿದರೆ ಎಲ್ಲರೂ ಬಡವರಾಗುತ್ತಾರೆ ಎಂಬುದು 1936ರ ಕೇನ್ಸ್ ವಾದದ ತಿರುಳು. ಎರಡೂ ಸರಿಯೇ. ನಮ್ಮ ಕಡೆಗೆ ಇನ್ನೊಂದು ಸೇರಬೇಕು. 1927ರಲ್ಲಿ ಬ್ರಿಟಿಷ್ ಸರಕಾರ ರೂಪಾಯಿಯನ್ನು ಒಂದು ಶಿಲಿಂಗ್ ಆರು ಪೆನ್ಸಿಗೆ ಕಟ್ಟಿಹಾಕಿತು. ಇದು ದುಬಾರಿ ದರ, ಬೆಳೆಗಾರನಿಗೆ ಮಾರಕ ಎಂದು ಆಯೋಗದಲ್ಲಿದ್ದ ಪುರುಷೋತ್ತಮದಾಸ್ ಠಾಕೂರ್‌ದಾಸ್ 1926ರಲ್ಲೇ ಭಿನ್ನಮತ ಬರೆದಿದ್ದರು. ಕುಸಿತ ಬಂದಾಗ ಆ ದರ ಉಳಿಸಲು ಸರಕಾರ ಚಲಾವಣೆಯ ಹಣವನ್ನೇ ಹಿಂದಕ್ಕೆ ಎಳೆದುಕೊಂಡಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾರ್ಖಾನೆಗಳನ್ನು ಕಟ್ಟಿಸಬಲ್ಲವರಾಗಿದ್ದರು, ರೂಪಾಯಿಯ ದರ ಬದಲಿಸಬಲ್ಲವರಾಗಿರಲಿಲ್ಲ. ಮೈಸೂರಿನ ಕಿಸೆಯಲ್ಲಿದ್ದದ್ದು ಬ್ರಿಟಿಷರ ನಾಣ್ಯ. 1931ರ ನಂತರ ಸಾಲಕ್ಕೂ ಕಂದಾಯಕ್ಕೂ ಎಂದು ದೇಶದ ಹೆಂಗಸರ ಮೈಮೇಲಿನ ಬಂಗಾರ ಬಿಚ್ಚಿ, ಮುಂಬಯಿಯಿಂದ ಹಡಗೇರಿತು.

ದುರ್ಗದ ಕೋಟೆ ಬಿದ್ದ 1779ಕ್ಕೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ವಿದೆ. ಬೆಲೆ ಬಿದ್ದ ವರ್ಷಗಳಿಗೆ ಅಂಥ ಭಾಗ್ಯವಿಲ್ಲ. ಕಾರಂತರ ‘ಚೋಮನ ದುಡಿ’ಯೂ 1933ರದೇ. ಅಲ್ಲಿ ಸಾಲ ತೀರಿಸಲು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ವಿಮರ್ಶಕರು ಅದರಲ್ಲಿ ಜಾತಿಯನ್ನು ಓದಿದಷ್ಟು ಆಸ್ಥೆಯಿಂದ ಸಾಲದ ಲೆಕ್ಕವನ್ನು ಓದಿಲ್ಲ.

ನಮ್ಮ ಭಾಷಣಕಾರರ ಓದೂ ಅರ್ಧಕ್ಕೇ ನಿಲ್ಲುತ್ತದೆ. ಸೂರಃ ಅಲ್ ಬಕರಃದಲ್ಲಿ ಬಡ್ಡಿಯ ನಿಷೇಧ ಮುಗಿದೊಡನೆ 280ನೆಯ ವಚನ ಬರುತ್ತದೆ. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಅದರ ಆಶಯ. ಅಸಲಿನ ಪ್ರಶ್ನೆ ಇರುವುದು ಅಲ್ಲಿ. ಬಡ್ಡಿರಹಿತ ಸಾಲ ಕೊಡುವ ನಮ್ಮ ಸಂಘಗಳು ಈರುಳ್ಳಿ ಬೆಳೆದವನಿಗೋ ಶೇಂಗಾ ಬೆಳೆದವನಿಗೋ ಸಾಲ ಬರೆಯುವಾಗ, ಬೆಲೆ ಅರ್ಧವಾದರೆ ಕಂತು ಎಷ್ಟು ಎಂಬುದನ್ನೂ ಕರಾರಿನಲ್ಲಿ ಬರೆಯಲಿ.